ಮರಗಟ್ಟಿದ ಮನಸ್ಸು ಹಾಡುವುದೇಕೆ?

(ನಗರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರನ್ನು ಉದ್ದೇಶಿಸಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಚಳಿಗೆ ಬೆರಳುಗಳು ಸ್ಪರ್ಶ ಕಳೆದುಕೊಂಡರೆ ನಾವು ‘ಕೈ ಮರಗಟ್ಟಿತು’ ಎನ್ನುತ್ತೇವೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ‘ಕಾಲು ಜೋಮು ಹಿಡಿಯಿತು’ ಎನ್ನುತ್ತೇವೆ. ಎರಡೂ ಒಂದೇ ಅಲ್ಲ. ಪೂರ್ತಿ ಮರಗಟ್ಟಿದ ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಜೋಮು ಹಿಡಿದ ಕಾಲನ್ನು ನೆಲಕ್ಕೆ ಊರಿ ನೋಡಿ, ಯಾರೂ ಚುಚ್ಚದಿದ್ದರೂ ನೂರು ಸೂಜಿ ಚುಚ್ಚಿದಂತಾಗುತ್ತದೆ. ಸ್ಪರ್ಶ ಹಿಂತಿರುಗುತ್ತಿದೆ ಎಂಬುದರ ಗುರುತು ಅದು.

ಮನಸ್ಸಿಗೂ ಹೀಗಾಗುವುದುಂಟು. ಮೊದಲು ಖುಷಿ ಕೊಡುತ್ತಿದ್ದುದು ಈಗ ಕೊಡುವುದಿಲ್ಲ. ಅಳು ಬರಬೇಕಾದಲ್ಲಿ ಅಳು ಬರುವುದಿಲ್ಲ. ‘ಏನೂ ಅನ್ನಿಸುತ್ತಿಲ್ಲ’ ಎನ್ನುವುದನ್ನೇ ವಸ್ತುವಾಗಿಸಿಕೊಂಡ ಹಾಡುಗಳು ಕಳೆದ ತೊಂಬತ್ತು ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ಸಾಕಷ್ಟು ಬಂದಿವೆ. ಅಮೆರಿಕ, ಬ್ರಿಟನ್‌ಗಳಲ್ಲಿ ಹುಟ್ಟಿದ ಆ ಹಾಡುಗಳು ಇವತ್ತು ನಮ್ಮ ಹಾಸ್ಟೆಲುಗಳ ಕೋಣೆಗಳಲ್ಲೂ ಕೇಳಿಬರುತ್ತವೆ. ಮಗನೋ ಮಗಳೋ ಬಾಗಿಲು ಹಾಕಿಕೊಂಡು ಅಂಥ ಹಾಡೊಂದನ್ನು ಹತ್ತು ಸಲ ಕೇಳಿದರೆ ಹೊರಗಿರುವವರ ಎದೆ ಹೊಡೆದುಕೊಳ್ಳುತ್ತದೆ. ಒಳಗಿರುವವರಿಗೆ ‘ಸದ್ಯ, ನನ್ನ ಮಾತನ್ನು ಯಾರೋ ಒಬ್ಬರು ಹೇಳಿದರು’ ಎನ್ನಿಸುತ್ತಿರುತ್ತದೆ. ಬಾಗಿಲಿನ ಎರಡೂ ಕಡೆಯವರು ಕೇಳುತ್ತಿರುವುದು ಒಂದೇ ಹಾಡನ್ನು. ಅರ್ಥ ಮಾತ್ರ ಬೇರೆ ಬೇರೆ. ಈ ಅಂತರದ ಬಗ್ಗೆ ನಾನು ಇಂದು ಮಾತನಾಡಬೇಕೆಂದಿದ್ದೇನೆ.

ನ್ಯಾಯಾಲಯ ಹತ್ತಿದ ಅರ್ಥ

ಹಾಡಿನ ಸಾಲಿಗೆ ಅರ್ಥ ಹೇಳುವುದು ಬಿಡುವಿನ ಹೊತ್ತಿನ ಹರಟೆಯಷ್ಟೇ ಅಲ್ಲ. ಒಮ್ಮೊಮ್ಮೆ ಅದು ಶಾಸನ ಸಭೆ, ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿದೆ. 1985ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಹಾಡುಗಳ ಸಾಹಿತ್ಯದ ಬಗ್ಗೆಯೇ ವಿಚಾರಣೆ ನಡೆಸಿತು. ಮಕ್ಕಳು ಕೇಳುವ ಹಾಡುಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ತಾಯಂದಿರ ಗುಂಪೊಂದು ಒತ್ತಾಯಿಸಿತ್ತು. ಅಲ್ಲಿ ಸಾಕ್ಷ್ಯ ನುಡಿದವರಲ್ಲಿ ಸೌಮ್ಯ ಗಾಯಕ ಜಾನ್ ಡೆನ್ವರ್ ಕೂಡ ಒಬ್ಬರು. ಅವರ ‘ರಾಕಿ ಮೌಂಟನ್ ಹೈ’ ಹಾಡನ್ನು ಕೆಲವು ರೇಡಿಯೊ ಕೇಂದ್ರಗಳು ಮಾದಕ ವಸ್ತುವಿನ ಹಾಡೆಂದು ತಿಳಿದು ನಿಲ್ಲಿಸಿದ್ದವು. ತಾನು ಹೇಳಿದ್ದು ಬೆಟ್ಟದ ಮೇಲಿನ ಆನಂದದ ಬಗ್ಗೆ ಎಂದು ಡೆನ್ವರ್ ವಿವರಿಸಬೇಕಾಯಿತು. ‘ಹೈ’ ಎಂಬ ಒಂದು ಪದ ಅಷ್ಟು ಕೆಲಸ ಮಾಡಿತ್ತು.

ಇನ್ನೊಂದು ಪ್ರಕರಣ ಇದಕ್ಕಿಂತ ಗಂಭೀರ. 1984ರಲ್ಲಿ ಕ್ಯಾಲಿಫೋರ್ನಿಯದ ಹತ್ತೊಂಬತ್ತು ವರ್ಷದ ಯುವಕನೊಬ್ಬ ಆತ್ಮಹತ್ಯೆ ಮಾಡಿಕೊಂಡ. ಆಜಿ ಆಸ್ಬೋರ್ನ್ ಅವರ ಹಾಡುಗಳೇ ಅದಕ್ಕೆ ಕಾರಣವೆಂದು ಹೆತ್ತವರು ಮೊಕದ್ದಮೆ ಹೂಡಿದರು. ‘ಸೂಯಿಸೈಡ್ ಸೊಲ್ಯೂಷನ್’ ಎಂಬ ಹಾಡಿನ ಹೆಸರೇ ವಾದದ ಕೇಂದ್ರವಾಯಿತು. ಇಂಗ್ಲಿಷಿನಲ್ಲಿ ‘ಸೊಲ್ಯೂಷನ್’ ಎಂದರೆ ಪರಿಹಾರವೂ ಹೌದು, ದ್ರಾವಣವೂ ಹೌದು. ಹಾಡು ಕುಡಿತದ ಬಗೆಗಿನದು, ಸೀಸೆಯೊಳಗಿನ ದ್ರವವೇ ಮನುಷ್ಯನನ್ನು ನಿಧಾನವಾಗಿ ಕೊಲ್ಲುತ್ತದೆ ಎನ್ನುವ ಎಚ್ಚರಿಕೆ ಅದು ಎಂಬುದು ಗಾಯಕರ ಸಮರ್ಥನೆ. 1988ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ವಾಕ್ ಸ್ವಾತಂತ್ರ್ಯದ ಆಧಾರದ ಮೇಲೆ ಹೆತ್ತವರ ದಾವೆಯನ್ನು ತಳ್ಳಿಹಾಕಿತು. ಕಾನೂನಿನ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ತಂದೆ ತಾಯಿಯ ಪ್ರಶ್ನೆ ಮುಗಿದಿರಲಾರದು. ‘ನಮ್ಮ ಹುಡುಗ ಆ ಹಾಡಿನಲ್ಲಿ ಏನು ಕೇಳಿಸಿಕೊಂಡ?’ ಎಂಬುದಕ್ಕೆ ಯಾವ ನ್ಯಾಯಾಲಯವೂ ಉತ್ತರ ಕೊಡಲಾರದು.

ಹಾಗಾದರೆ ಇಂಥ ಹಾಡುಗಳನ್ನು ಕೇಳುವ ಬಗೆ ಯಾವುದು? ಒಂದೊಂದಾಗಿ ಕೆಲವನ್ನು ಎತ್ತಿಕೊಂಡು ನೋಡೋಣ.

ಒಂದನ್ನು ಬಿಟ್ಟು ಎಲ್ಲವೂ ಸಪ್ಪೆ

1934ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಂಗಮಂದಿರದಲ್ಲಿ ‘ಎನಿಥಿಂಗ್ ಗೋಸ್’ ಎಂಬ ಸಂಗೀತ ನಾಟಕ ತೆರೆಕಂಡಿತು. ಹಾಡುಗಳ ಸಾಹಿತ್ಯ, ಸಂಗೀತ ಎರಡೂ ಕೋಲ್ ಪೋರ್ಟರ್ ಅವರದು. ‘ಐ ಗೆಟ್ ಎ ಕಿಕ್ ಔಟ್ ಆಫ್ ಯೂ’ ಎಂಬ ಗೀತೆಯನ್ನು ರಂಗದ ಮೇಲೆ ಹಾಡಿದವರು ಎಥೆಲ್ ಮರ್ಮನ್. ಅಮೆರಿಕದ ಪಾನನಿಷೇಧ ಕೊನೆಗೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಹದಿಮೂರು ವರ್ಷ ಕದ್ದು ಕುಡಿದ ಮದ್ಯ ಎದುರಿಗೇ ದೊರೆಯತೊಡಗಿತ್ತು. ಅಂಥ ಹೊತ್ತಿನಲ್ಲಿ ಈ ನಾಯಕಿ ಬಂದು ಷಾಂಪೇನ್ ತನಗೆ ಏನೂ ಮಾಡುವುದಿಲ್ಲ ಎನ್ನುತ್ತಾಳೆ. ಮಾದಕ ವಸ್ತುವೂ ಅಷ್ಟೇ, ವಿಮಾನದಲ್ಲಿ ಹಾರುವುದೂ ಅಷ್ಟೇ. ಆ ಕಾಲದ ಶ್ರೀಮಂತರಿಗೆ ರೋಮಾಂಚನ ತರುತ್ತಿದ್ದುದೆಲ್ಲ ಆಕೆಗೆ ಸಪ್ಪೆ. ಮಾದಕ ವಸ್ತುವಿನ ಹೆಸರಿದ್ದ ಸಾಲನ್ನು ಮುಂದೆ ತಿದ್ದಿ ಸುಗಂಧ ದ್ರವ್ಯದ ಹೆಸರು ಹಾಕಿದ ರೂಪವೂ ಬಳಕೆಗೆ ಬಂತು.

ಇಷ್ಟನ್ನೇ ಓದಿದವರು ‘ಇದು ಬೇಸತ್ತವಳ ಹಾಡು’ ಎಂದಾರು. ಆದರೆ ಆ ಪಟ್ಟಿಯಲ್ಲಿ ಒಂದು ವಿನಾಯಿತಿ ಇದೆ. ಆಕೆ ಪ್ರೀತಿಸುವ ಮನುಷ್ಯ. ಅವನನ್ನು ಕಂಡರೆ ಮಾತ್ರ ಆಕೆಗೆ ಜೀವ ಬರುತ್ತದೆ. ನಾಟಕದಲ್ಲಿ ಅವನ ಮನಸ್ಸಿರುವುದೋ ಇನ್ನೊಬ್ಬಳ ಮೇಲೆ. ಸಪ್ಪೆಯಾದ ವಸ್ತುಗಳ ಪಟ್ಟಿ ಉದ್ದವಾದಷ್ಟೂ ಆ ಒಂದು ವಿನಾಯಿತಿಗೆ ತೂಕ ಹೆಚ್ಚುತ್ತದೆ. ನಮ್ಮ ಮನೆಗಳಲ್ಲೂ ಇದು ಉಂಟು. ‘ನನಗೆ ಏನೂ ಬೇಡ’ ಎಂದು ಮುಖ ತಿರುಗಿಸಿದ ಮಗುವಿಗೆ ಬೇಕಾದದ್ದು ಯಾವುದೋ ಒಂದು ಇದ್ದೇ ಇರುತ್ತದೆ. ಇಂಥ ಹಾಡನ್ನು ಕೇಳುವಾಗ ಏನೇನು ಸತ್ತಿದೆ ಎಂದು ಎಣಿಸಿದರೆ ಸಾಲದು. ಏನು ಉಳಿದಿದೆ ಎಂದೂ ಹುಡುಕಬೇಕು.

ಗಿಟಾರು ಹೇಳುವ ಬೇರೆ ಮಾತು

ಬ್ಲೂಸ್ ಎಂಬುದು ಅಮೆರಿಕದ ಕರಿಯ ಜನರ ನೋವಿನಿಂದ ಬೆಳೆದ ಸಂಗೀತ. ‘ದ ಥ್ರಿಲ್ ಈಸ್ ಗಾನ್’ ಎಂದರೆ ಪುಳಕ ಹೋಯಿತು ಎಂದೇ ಅರ್ಥ. ರಾಯ್ ಹಾಕಿನ್ಸ್ ಇದನ್ನು 1951ರಲ್ಲಿ ಹಾಡಿದ್ದರು. ಜಗತ್ತಿಗೆಲ್ಲ ಅದನ್ನು ಮುಟ್ಟಿಸಿದವರು ಬಿ.ಬಿ. ಕಿಂಗ್. ಮಿಸಿಸಿಪಿಯ ಹತ್ತಿ ಹೊಲಗಳ ನಾಡಿನಲ್ಲಿ 1925ರಲ್ಲಿ ಹುಟ್ಟಿದ ಕಿಂಗ್ ಇದನ್ನು ಧ್ವನಿಮುದ್ರಿಸಿದ್ದು 1969ರಲ್ಲಿ. ಇಪ್ಪತ್ತು ವರ್ಷ ಹಾಡಿದ ಮೇಲೆ ಬಿಳಿಯ ಶ್ರೋತೃಗಳ ನಡುವೆಯೂ ಅವರಿಗೆ ದೊಡ್ಡ ಯಶಸ್ಸು ತಂದದ್ದು ಈ ಹಾಡು. ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು 15ನೆಯ ಸ್ಥಾನಕ್ಕೆ ಏರಿತು, ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು.

ಹಾಡಿನ ಮಾತುಗಳು ತೀರ ಸರಳ. ಪ್ರೀತಿ ಮುಗಿಯಿತು, ನೀನು ನನಗೆ ಅನ್ಯಾಯ ಮಾಡಿದೆ, ಇನ್ನು ನಾನು ಸ್ವತಂತ್ರ. ಕಾಗದದ ಮೇಲೆ ಓದಿದರೆ ಬಾಡಿಗೆ ಮನೆ ಖಾಲಿ ಮಾಡುವವರ ಮಾತಿನಂತೆ ಒಣಗಿದೆ. ಆದರೆ ಕಿಂಗ್ ಹಾಡುವ ಕ್ರಮವನ್ನು ಗಮನಿಸಿ. ಅವರು ಹಾಡುವಾಗ ಗಿಟಾರ್ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಒಂದು ಸಾಲು ಮುಗಿದ ಕೂಡಲೇ ‘ಲೂಸಿಲ್’ ಎಂದು ಅವರು ಹೆಸರಿಟ್ಟಿದ್ದ ಗಿಟಾರ್ ಉತ್ತರ ಕೊಡುತ್ತದೆ. ಬಾಯಿ ‘ಎಲ್ಲ ಮುಗಿಯಿತು’ ಎನ್ನುತ್ತದೆ. ತಂತಿಯ ಮೇಲೆ ನಡುಗುವ ಬೆರಳು ‘ಎಲ್ಲಿ ಮುಗಿದಿದೆ?’ ಎಂದು ಕೇಳಿದಂತಿರುತ್ತದೆ. ನಮ್ಮ ಕಛೇರಿಗಳಲ್ಲಿ ಗಾಯಕರು ಬಿಟ್ಟ ಜಾಗದಲ್ಲಿ ಪಿಟೀಲು ಮಾತನಾಡುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಹಿತ್ಯವನ್ನು ಮಾತ್ರ ಬರೆದುಕೊಂಡು ಅರ್ಥ ಮಾಡಹೊರಟವರಿಗೆ ಈ ಹಾಡಿನ ಅರ್ಧಭಾಗ ಸಿಗುವುದೇ ಇಲ್ಲ.

ದೊಡ್ಡ ಮಾತುಗಳ ಸಾಲ

‘ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ’ ಎಂಬ ಗಾದೆ ನಮ್ಮಲ್ಲಿದೆ. ಹೊಸತರ ಉತ್ಸಾಹ ಇಳಿಯುವುದು ಸಹಜ. ಆದರೆ ಮೊದಲ ಸಲವೇ ಉತ್ಸಾಹ ಬಾರದಿದ್ದರೆ?

ಜರ್ಮನಿಯ ಥಾಮಸ್ ಮನ್ ಇಪ್ಪತ್ತೊಂದರ ಹರೆಯದಲ್ಲಿ, 1896ರಲ್ಲಿ, ‘ನಿರಾಶೆ’ ಎಂಬ ಅರ್ಥದ ಹೆಸರಿನ ಸಣ್ಣ ಕಥೆಯೊಂದನ್ನು ಬರೆದರು. ವೆನಿಸ್ ನಗರದ ಸೇಂಟ್ ಮಾರ್ಕ್ಸ್ ಚೌಕದಲ್ಲಿ ಅಪರಿಚಿತನೊಬ್ಬ ನಿರೂಪಕನ ಬಳಿ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಅವನು ಪಾದ್ರಿಯ ಮನೆಯಲ್ಲಿ ಬೆಳೆದವನು. ಒಳಿತು, ಕೆಡುಕು, ಸೌಂದರ್ಯ, ಭಯಂಕರ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಕೇಳುತ್ತ ಬೆಳೆದ. ಬಾಲ್ಯದಲ್ಲಿ ಮನೆಗೆ ಬೆಂಕಿ ಬಿದ್ದಾಗಲೂ ಅವನಿಗೆ ಅನ್ನಿಸಿದ್ದು ‘ಬೆಂಕಿ ಎಂದರೆ ಇಷ್ಟೇಯೇ?’ ಎಂದು. ಮುಂದೆ ಪ್ರೀತಿಯೂ ಹಾಗೆಯೇ, ದುಃಖವೂ ಹಾಗೆಯೇ. ಅನುಭವ ದೊಡ್ಡದು, ಅದನ್ನು ಹೇಳಲು ಭಾಷೆ ಸಾಲದು ಎಂದು ಕವಿಗಳು ಕೊರಗುತ್ತಾರಲ್ಲ, ಇವನ ದೂರು ಅದಕ್ಕೆ ತದ್ವಿರುದ್ಧ. ಭಾಷೆ ಶ್ರೀಮಂತವಾಗಿದೆ, ಬದುಕೇ ಬಡವಾಗಿದೆ ಎಂಬುದು ಅವನ ಅಳಲು.

ಸುಮಾರು ಎಪ್ಪತ್ತು ವರ್ಷಗಳ ನಂತರ ಈ ಕಥೆ ಅಮೆರಿಕದ ಹಾಡಾಯಿತು. ಎಲ್ವಿಸ್ ಪ್ರೀಸ್ಲಿ ಹಾಡಿದ ‘ಜೈಲ್‌ಹೌಸ್ ರಾಕ್’ ಬರೆದ ಜೆರ್ರಿ ಲೀಬರ್ ಮತ್ತು ಮೈಕ್ ಸ್ಟೋಲರ್ ಜೋಡಿಯೇ ಇದನ್ನೂ ರಚಿಸಿತು. ‘ಈಸ್ ದಟ್ ಆಲ್ ದೇರ್ ಈಸ್?’ ಎಂಬ ಈ ಹಾಡನ್ನು 1969ರಲ್ಲಿ ಪೆಗ್ಗಿ ಲೀ ಹಾಡಿದರು. ಆಗ ಅವರಿಗೆ ಐವತ್ತರ ಸಮೀಪ. ವಾದ್ಯ ಸಂಯೋಜನೆ ರ್‍ಯಾಂಡಿ ನ್ಯೂಮನ್ ಅವರದು. ಇದರಲ್ಲಿ ಚರಣಗಳನ್ನು ಹಾಡುವುದಿಲ್ಲ, ಮಾತಿನಂತೆ ಹೇಳುತ್ತಾರೆ. ಬಾಲ್ಯದಲ್ಲಿ ಕಂಡ ಬೆಂಕಿ, ಸರ್ಕಸ್ಸು, ಪ್ರೀತಿ, ಕೊನೆಗೆ ಸಾವು. ಪ್ರತಿಯೊಂದರ ನಂತರವೂ ‘ಇಷ್ಟೇನಾ?’ ಎಂಬ ಪ್ರಶ್ನೆ. ಪಲ್ಲವಿ ಬಂದಾಗ ಮಾತ್ರ ಮಾತು ಹಾಡಾಗುತ್ತದೆ. ಇಷ್ಟೇ ಆದರೆ ಬನ್ನಿ, ಕುಣಿಯೋಣ ಎನ್ನುತ್ತದೆ ಅದು.

ಈ ಪಲ್ಲವಿಯನ್ನು ಕೆಲವರು ಸಿನಿಕತನ ಎಂದು ಓದುತ್ತಾರೆ, ಕೆಲವರು ವೇದಾಂತ ಎನ್ನುತ್ತಾರೆ. ನನಗೆ ಮುಖ್ಯವೆನಿಸುವುದು ಕೊನೆಯ ಚರಣ. ಬದುಕು ಇಷ್ಟು ಸಪ್ಪೆಯಾದರೆ ಅದನ್ನು ಮುಗಿಸಿಬಿಡಬಾರದೇಕೆ ಎಂದು ಕೇಳುಗರು ಕೇಳಿಯಾರೆಂದು ಆಕೆಗೆ ಗೊತ್ತು. ಪ್ರಶ್ನೆಯನ್ನು ಆಕೆಯೇ ಎತ್ತಿ ಇಲ್ಲ ಎನ್ನುತ್ತಾಳೆ. ಸಾವೂ ಒಂದು ನಿರಾಶೆಯೇ ಆದೀತು, ಅದಕ್ಕೆ ಅವಸರವಿಲ್ಲ ಎಂಬ ಧಾಟಿ. ಮನ್ ಅವರ ಕಥಾನಾಯಕ ಒಂಟಿಯಾಗಿ ಆ ಕೊನೆಯ ನಿರಾಶೆಗೆ ಕಾಯುತ್ತಿರುತ್ತಾನೆ. ಹಾಡಿನ ಹೆಂಗಸು ಎದುರಿಗಿರುವವರನ್ನು ಕುಣಿತಕ್ಕೆ ಕರೆಯುತ್ತಾಳೆ. ಕಥೆ ಹಾಡಾದಾಗ ಬದಲಾದದ್ದು ಇದು.

ಮನ್ ಕಥೆಯ ಒಳಸುಳಿ ಇಂದಿನ ನಮಗೆ ಹೆಚ್ಚು ಹತ್ತಿರ. ಜಾಹೀರಾತು, ಸಿನಿಮಾ, ಕೈಯಲ್ಲಿರುವ ಫೋನು ಎಲ್ಲವೂ ಬದುಕಿನ ಬಗ್ಗೆ ದೊಡ್ಡ ಮಾತುಗಳನ್ನೇ ಆಡುತ್ತವೆ. ಕಡಲತೀರವನ್ನು ನೂರು ಚಿತ್ರಗಳಲ್ಲಿ ನೋಡಿ ನಂತರ ಗೋಕರ್ಣಕ್ಕೆ ಹೋದವನಿಗೆ ‘ಇಷ್ಟೇನಾ?’ ಎನ್ನಿಸಿದರೆ ತಪ್ಪು ಅವನ ಹೃದಯದ್ದಲ್ಲ, ಕಡಲಿನದೂ ಅಲ್ಲ. ಮೊದಲೇ ಕೈಗಿತ್ತ ಅಳತೆಗೋಲಿನದು.

ವೈದ್ಯನ ಮಾತು, ರೋಗಿಯ ಮಾತು

ಈ ವಸ್ತುವಿನ ಹಾಡುಗಳಲ್ಲಿ ಜಗತ್ಪ್ರಸಿದ್ಧವಾದುದು ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ ‘ಕಂಫರ್ಟಬ್ಲಿ ನಂಬ್’. 1979ರ ನವೆಂಬರ್‌ನಲ್ಲಿ ಬಂದ ‘ದ ವಾಲ್’ ಸಂಪುಟದಲ್ಲಿದೆ. ಹೆಸರಿನ ಅರ್ಥ ‘ಹಾಯಾಗಿ ಮರಗಟ್ಟಿದ್ದೇನೆ’ ಎಂದು. ಮಾದಕ ವಸ್ತುವಿನ ಸುಖವನ್ನು ಹೊಗಳುವ ಹಾಡು ಇದು ಎಂಬ ತಿಳಿವಳಿಕೆ ಹಲವರಲ್ಲಿದೆ.

ಹಾಡು ಹುಟ್ಟಿದ ಸಂದರ್ಭ ಬೇರೆಯೇ ಇದೆ. 1977ರ ಜೂನ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ತಂಡದ ಕಾರ್ಯಕ್ರಮವಿತ್ತು. ಗೀತರಚನಕಾರ ರೋಜರ್ ವಾಟರ್ಸ್ ಅವರಿಗೆ ವಿಪರೀತ ಹೊಟ್ಟೆನೋವು. ಕಾರ್ಯಕ್ರಮ ನಿಲ್ಲಿಸುವಂತಿರಲಿಲ್ಲ. ವೈದ್ಯರು ಬಂದು ಇಂಜೆಕ್ಷನ್ ಕೊಟ್ಟರು. ಕೈಗೆ ಸರಿಯಾಗಿ ಸ್ಪರ್ಶವೇ ಇಲ್ಲದ ಸ್ಥಿತಿಯಲ್ಲಿ ವಾಟರ್ಸ್ ವೇದಿಕೆ ಹತ್ತಿ ನುಡಿಸಿದರು. ಈ ಅನುಭವವೇ ಹಾಡಿನ ಬೀಜ.

ಹಾಗೆಂದು ಇದು ಆತ್ಮಕಥೆಯೂ ಅಲ್ಲ. ಹಾಡಿನಲ್ಲಿ ಇಬ್ಬರು ಮಾತನಾಡುತ್ತಾರೆ, ಅದನ್ನು ಗಮನಿಸದಿದ್ದರೆ ಅರ್ಥವೇ ತಿರುಗುಮುರುಗು. ಚರಣಗಳಲ್ಲಿ ವಾಟರ್ಸ್ ದನಿ, ಅದು ವೈದ್ಯನದು. ಪಿಂಕ್ ಎಂಬ ಕಲಾವಿದ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಕೂತಿದ್ದಾನೆ. ವೈದ್ಯ ಅವನ ಬಾಗಿಲು ತಟ್ಟಿದಂತೆ ವಿಚಾರಿಸುತ್ತಾನೆ. ದನಿಯಲ್ಲಿ ಕಳಕಳಿ ಇದೆ, ಉದ್ದೇಶ ಮಾತ್ರ ಇವನನ್ನು ಇಂದಿನ ಪ್ರದರ್ಶನಕ್ಕೆ ಎಬ್ಬಿಸಿ ನಿಲ್ಲಿಸುವುದು. ಪಲ್ಲವಿಯಲ್ಲಿ ಬರುವುದು ಡೇವಿಡ್ ಗಿಲ್ಮೋರ್ ದನಿ, ಅದು ಪಿಂಕ್‌ನದು. ಅವನು ವೈದ್ಯನಿಗೆ ಉತ್ತರ ಕೊಡುವ ಬದಲು ಬಾಲ್ಯದ ಜ್ವರವೊಂದನ್ನು ನೆನೆಯುತ್ತಾನೆ. ಚಿಕ್ಕಂದಿನಲ್ಲಿ ಏನನ್ನೋ ಅರೆಕ್ಷಣ ಕಂಡಿದ್ದ, ಈಗ ಅದು ಕೈಗೆ ಸಿಗುತ್ತಿಲ್ಲ.

ಅಂದರೆ ‘ಹಾಯಾಗಿ’ ಎಂಬ ಮಾತಿನಲ್ಲೇ ವ್ಯಂಗ್ಯವಿದೆ. ಹಾಯಾಗಿರುವುದು ಯಾರಿಗೆ? ಟಿಕೆಟ್ ಮಾರಿದವರಿಗೆ ಹಾಯಿ. ನೋವು ನಿಂತಿದೆ, ಕೆಲಸ ಸಾಗುತ್ತಿದೆ, ಒಳಗೆ ಮನುಷ್ಯನಿದ್ದಾನೋ ಇಲ್ಲವೋ ಕೇಳುವವರಿಲ್ಲ. ಹಲ್ಲು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ ವರವೇ ಸರಿ. ಅದೇ ಇಂಜೆಕ್ಷನ್ನಿನ ಬಲದಲ್ಲಿ ದಿನವೂ ಆಫೀಸಿಗೋ ಪರೀಕ್ಷೆಗೋ ಹೋಗಬೇಕಾಗಿ ಬಂದರೆ? ಈ ಹಾಡನ್ನು ಮತ್ತೆ ಮತ್ತೆ ಕೇಳುವ ಹುಡುಗ ಇಂಜೆಕ್ಷನ್ನನ್ನು ಬಯಸುತ್ತಿರಬೇಕೆಂದಿಲ್ಲ. ‘ನನ್ನನ್ನು ಎಬ್ಬಿಸಿ ನಿಲ್ಲಿಸುವವರೇ ಎಲ್ಲರೂ, ಏನಾಗಿದೆ ಎಂದು ಕೇಳುವವರು ಯಾರು?’ ಎನ್ನುತ್ತಿರಬಹುದು.

1980–81ರ ಪ್ರದರ್ಶನಗಳಲ್ಲಿ ವೇದಿಕೆಗೂ ಪ್ರೇಕ್ಷಕರಿಗೂ ನಡುವೆ ನಿಜವಾಗಿಯೇ ದೊಡ್ಡ ಗೋಡೆಯೊಂದನ್ನು ಕಟ್ಟುತ್ತಿದ್ದರು. ಈ ಹಾಡು ಬಂದಾಗ ಗಿಲ್ಮೋರ್ ಗೋಡೆಯ ತುದಿಯಲ್ಲಿ ನಿಂತು ಗಿಟಾರ್ ನುಡಿಸುತ್ತಿದ್ದರು. ಮಾತು ನಿಂತ ಮೇಲೆ ಬರುವ ಆ ದೀರ್ಘ ವಾದನ ಕೇಳಿದವರು ಅದನ್ನು ಮರೆಯುವುದಿಲ್ಲ. ಸ್ಪರ್ಶವೇ ಇಲ್ಲ ಎಂದ ಹಾಡಿನ ಕೊನೆಯಲ್ಲಿ ಅಷ್ಟು ತೀವ್ರವಾದ ಸಂಗೀತ ಇರುವುದಾದರೂ ಏಕೆ? ಜೋಮು ಬಿಡುವಾಗಿನ ನೋವು ಅದು ಎಂದು ನಾನು ಕೇಳಿಸಿಕೊಳ್ಳುತ್ತೇನೆ. ಬರ್ಲಿನ್ ಗೋಡೆ ಬಿದ್ದ ಮರುವರ್ಷ, 1990ರ ಜುಲೈಯಲ್ಲಿ, ಗೋಡೆಯಿದ್ದ ಜಾಗದ ಬಳಿಯೇ ವಾಟರ್ಸ್ ಇಡೀ ಸಂಪುಟವನ್ನು ಪ್ರದರ್ಶಿಸಿದರು. ಒಬ್ಬ ಮನುಷ್ಯನ ಒಳಗಿನ ಗೋಡೆಯ ಹಾಡಿಗೆ ಒಂದು ನಗರದ ಅರ್ಥ ಸೇರಿಕೊಂಡಿತು.

ಒಂದೇ ಸಾಹಿತ್ಯ, ಎರಡು ವಯಸ್ಸು

ಹಾಡುವವರು ಬದಲಾದರೆ ಅರ್ಥ ಎಷ್ಟು ಬದಲಾದೀತು? ಅಮೆರಿಕದ ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಜ್ನರ್ 1994ರ ಸಂಪುಟವೊಂದರ ಕೊನೆಯ ಹಾಡಾಗಿ ‘ಹರ್ಟ್’ ಬರೆದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ತನಗಿನ್ನೂ ಏನಾದರೂ ಅನ್ನಿಸುತ್ತದೆಯೇ ಎಂದು ನೋಡಲು ತನ್ನನ್ನೇ ನೋಯಿಸಿಕೊಳ್ಳುವವನ ಹಾಡು ಅದು. ರೆಜ್ನರ್ ದನಿಯಲ್ಲಿ ಕೇಳಿದರೆ ಇನ್ನೂ ಬದುಕು ಆರಂಭಿಸದವನ ಕುಸಿತ ಕಾಣುತ್ತದೆ.

2002ರಲ್ಲಿ ಅದನ್ನು ಜಾನಿ ಕ್ಯಾಷ್ ಹಾಡಿದರು. ಕಂಟ್ರಿ ಸಂಗೀತದ ಈ ಹಿರಿಯರಿಗೆ ಆಗ ಎಪ್ಪತ್ತು, ಆರೋಗ್ಯ ಕೆಟ್ಟಿತ್ತು. ಒಂದು ಒರಟು ಪದವನ್ನು ಬದಲಾಯಿಸಿದ್ದು ಬಿಟ್ಟರೆ ಸಾಹಿತ್ಯ ಹೆಚ್ಚುಕಡಿಮೆ ಅದೇ. ಮಾರ್ಕ್ ರೊಮಾನೆಕ್ ನಿರ್ದೇಶಿಸಿದ ವಿಡಿಯೊದಲ್ಲಿ ಕ್ಯಾಷ್ ಅವರ ನಡುಗುವ ಕೈ, ಮುಚ್ಚಿಹೋದ ಅವರ ವಸ್ತುಸಂಗ್ರಹಾಲಯ, ಹಿಂದೆ ನಿಂತು ನೋಡುವ ಪತ್ನಿ ಜೂನ್ ಕಾರ್ಟರ್ ಕಾಣುತ್ತಾರೆ. 2003ರ ಮೇ ತಿಂಗಳಲ್ಲಿ ಜೂನ್ ತೀರಿಕೊಂಡರು, ಸೆಪ್ಟೆಂಬರ್‌ನಲ್ಲಿ ಕ್ಯಾಷ್ ಹೋದರು. ಯುವಕ ಹೇಳಿದಾಗ ‘ಇನ್ನೇನಿದೆ?’ ಎಂದು ಕೇಳಿಸಿದ ಹಾಡು ಮುದುಕ ಹೇಳಿದಾಗ ‘ಏನೆಲ್ಲ ಇತ್ತು!’ ಎಂದು ಕೇಳಿಸಿತು. ತನ್ನ ಹಾಡು ಇನ್ನು ತನ್ನದಾಗಿ ಉಳಿಯಲಿಲ್ಲ ಎಂಬ ಅರ್ಥದ ಮಾತನ್ನು ರೆಜ್ನರ್ ಅವರೇ ಆಡಿದ್ದಾರೆ.

ವಿಜ್ಞಾನ ಹೇಳುವುದು, ನಾಟ್ಯಶಾಸ್ತ್ರ ಹೇಳುವುದು

ಮನ್ ‘ನಿರಾಶೆ’ ಬರೆದ 1896ರಲ್ಲೇ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತಿಯೊಡ್ಯೂಲ್ ರಿಬೊ ಸುಖವನ್ನು ಅನುಭವಿಸಲಾಗದ ಸ್ಥಿತಿಗೆ ‘ಅನ್‌ಹೆಡೋನಿಯ’ ಎಂಬ ಹೆಸರಿಟ್ಟರು. ಕಥೆಗಾರನೂ ವಿಜ್ಞಾನಿಯೂ ಒಂದೇ ವರ್ಷ ಒಂದೇ ಬಾಗಿಲ ಮುಂದೆ ನಿಂತಿದ್ದರು ಎನ್ನಬಹುದು. 1903ರಲ್ಲಿ ಜರ್ಮನ್ ಚಿಂತಕ ಗಿಯೊರ್ಗ್ ಸಿಮ್ಮೆಲ್ ಮಹಾನಗರದ ಜನರ ನಿರ್ಲಿಪ್ತತೆಯ ಬಗ್ಗೆ ಬರೆದರು. ಕ್ಷಣಕ್ಷಣಕ್ಕೂ ಮುಗಿಬೀಳುವ ಹೊಸ ನೋಟ, ಹೊಸ ಸದ್ದುಗಳಿಂದ ದಣಿದ ಮನಸ್ಸು ಕೊನೆಗೆ ಯಾವುದಕ್ಕೂ ಸ್ಪಂದಿಸದಾಗುತ್ತದೆ ಎಂಬುದು ಅವರ ವಾದ.

1978ರಲ್ಲಿ ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿ ಗೆದ್ದ 22 ಮಂದಿಯನ್ನು ಮಾತನಾಡಿಸಿದರು. ಅವರು ಇತರರಿಗಿಂತ ಹೆಚ್ಚು ಸುಖಿಗಳಾಗಿ ಕಾಣಲಿಲ್ಲ. ಗೆಳೆಯರೊಡನೆ ಹರಟೆ, ಬೆಳಗಿನ ತಿಂಡಿಯಂಥ ಚಿಕ್ಕ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಇತರರಿಗಿಂತ ಕಡಿಮೆ ಇತ್ತು. ಅಧ್ಯಯನ ಚಿಕ್ಕದು. ಸ್ವೀಡನ್‌ನ ಲಾಟರಿ ವಿಜೇತರ ಬಗ್ಗೆ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬದುಕಿನ ಬಗೆಗಿನ ತೃಪ್ತಿ ಹಲವು ವರ್ಷ ಹೆಚ್ಚೇ ಉಳಿದದ್ದು ಕಂಡುಬಂತು, ದಿನನಿತ್ಯದ ಖುಷಿಯ ಮೇಲಿನ ಪರಿಣಾಮ ಅದಕ್ಕಿಂತ ಕಡಿಮೆ. ಅಂದರೆ ರೋಮಾಂಚನ ಇಳಿಯುವುದು ಎಲ್ಲರ ಪಾಡು. ಅದೇ ಒಂದು ಕಾಯಿಲೆಯಲ್ಲ.

ಕಾಯಿಲೆಯೂ ಇದೆ, ಅದನ್ನು ಮರೆಮಾಚಬಾರದು. ಇಷ್ಟವಾಗುತ್ತಿದ್ದ ಎಲ್ಲದರಲ್ಲೂ ಆಸಕ್ತಿ ಸತ್ತುಹೋಗಿ ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಹಾಗೇ ಮುಂದುವರಿದರೆ ಅದನ್ನು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ವೈದ್ಯರು ಪರಿಗಣಿಸುತ್ತಾರೆ. ನಿದ್ರೆ, ಊಟ, ಓದು ಕೆಟ್ಟಿದ್ದರೆ, ಸಾವಿನ ಮಾತು ಬಂದರೆ ಹಾಡಿನ ಅರ್ಥ ಬಿಡಿಸುತ್ತ ಕೂರುವ ಹೊತ್ತಲ್ಲ ಅದು. ವೈದ್ಯರ ಬಳಿ ಹೋಗಬೇಕು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ, 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇಷ್ಟು ಹೇಳಿ ನಮ್ಮದೇ ಹಳೆಯ ಶಾಸ್ತ್ರವೊಂದನ್ನು ನೆನೆಯುತ್ತೇನೆ. ಭರತನ ನಾಟ್ಯಶಾಸ್ತ್ರ ಮೂವತ್ತಮೂರು ಸಂಚಾರಿ ಭಾವಗಳನ್ನು ಎಣಿಸುತ್ತದೆ. ಪಟ್ಟಿಯ ಮೊದಲ ಹೆಸರೇ ನಿರ್ವೇದ. ಮುಂದೆ ಗ್ಲಾನಿ ಬರುತ್ತದೆ, ಜಡತೆಯೂ ಬರುತ್ತದೆ. ಇಷ್ಟವಾದುದನ್ನೋ ಅನಿಷ್ಟವಾದುದನ್ನೋ ಕಂಡು ಕೇಳಿ ಏನೂ ತೋಚದೆ, ಮಾತಿಲ್ಲದೆ, ಎವೆಯಿಕ್ಕದೆ ನಿಲ್ಲುವುದು ಜಡತೆ. ಅಂದರೆ ‘ಏನೂ ಅನ್ನಿಸದಿರುವುದು’ ಕೂಡ ಒಂದು ಭಾವ, ನಟ ಅದನ್ನು ತೋರಿಸಬಲ್ಲ, ಪ್ರೇಕ್ಷಕ ಅದನ್ನು ಸವಿಯಬಲ್ಲ ಎಂದು ನಮ್ಮ ಹಿರಿಯರು ಒಪ್ಪಿದ್ದರು. ಅದನ್ನು ಅವರು ಇಟ್ಟದ್ದು ಸಂಚಾರಿಗಳ ಸಾಲಿನಲ್ಲಿ, ಬಂದು ಹೋಗುವ ಭಾವಗಳ ನಡುವೆ. ಮನೆಯ ಯಜಮಾನನ ಸ್ಥಾನವನ್ನು ಅದಕ್ಕೆ ಕೊಡಲಿಲ್ಲ.

ಕೇಳುವವರಿಗೆ ನನ್ನ ಕೋರಿಕೆ

ಈ ಹಾಡುಗಳನ್ನು ಪೊಲೀಸ್ ಹೇಳಿಕೆಯಂತೆ ಓದಬೇಡಿ. ಮಾತನಾಡುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಸಪ್ಪೆಯಾದವುಗಳ ಪಟ್ಟಿಯಲ್ಲಿ ಬಿಟ್ಟುಹೋದದ್ದು ಯಾವುದು, ಬಾಯಿ ಒಂದು ಹೇಳುವಾಗ ವಾದ್ಯ ಇನ್ನೇನು ಹೇಳುತ್ತಿದೆ ಎಂದು ಕೇಳಿಕೊಳ್ಳಿ. ಇಷ್ಟು ಮಾಡಿದರೆ ಮರಗಟ್ಟಿದ ಹಾಡು ಎಂದುಕೊಂಡದ್ದು ಹೆಚ್ಚಿನ ವೇಳೆ ಜೋಮಿನ ಹಾಡಾಗಿರುವುದು ತಿಳಿಯುತ್ತದೆ. ಪೂರ್ತಿ ಮರಗಟ್ಟಿದವರು ಪ್ರಾಸ ಹುಡುಕುವುದಿಲ್ಲ, ಶ್ರುತಿ ಮಾಡಿಕೊಳ್ಳುವುದಿಲ್ಲ.

ಆದರೆ ಬರೆದವರ ಬಗ್ಗೆ ಹೇಳಿದ್ದನ್ನು ಕೇಳುವವರ ಬಗ್ಗೆಯೂ ಹೇಳಿಬಿಡಲಾಗದು. ಹಾಡು ಕಟ್ಟಿದವರಿಗೆ ಕಟ್ಟುವ ಕೆಲಸವಿತ್ತು, ಒಂಟಿಯಾಗಿ ಕೇಳುವವರಿಗೆ ಅದೂ ಇಲ್ಲ. ಆದ್ದರಿಂದ ತಂದೆ ತಾಯಂದಿರಲ್ಲಿ ಒಂದು ಮಾತು. ಹಾಡನ್ನು ನಿಲ್ಲಿಸಲು ಬಾಗಿಲು ತಟ್ಟಬೇಡಿ, ಕೇಳಲು ತಟ್ಟಿ. ‘ಇಂಥ ಹಾಡು ಯಾಕೆ ಕೇಳ್ತೀಯ?’ ಎಂದರೆ ಅದು ವಿಚಾರಣೆಯಾಗುತ್ತದೆ. ‘ಇದರಲ್ಲಿ ನಿನಗೆ ಯಾವ ಸಾಲು ಇಷ್ಟ?’ ಎಂದರೆ ಮಾತು ಶುರುವಾಗುತ್ತದೆ. ಗೆಳೆಯರೇ, ನಿಮ್ಮಲ್ಲೂ ಒಂದು ಕೋರಿಕೆ. ಯಾರಾದರೂ ಹಾಗೆ ಕೇಳಿದರೆ ಇಯರ್‌ಫೋನಿನ ಒಂದು ತುದಿಯನ್ನು ಅವರ ಕೈಗೆ ಕೊಡಿ.